ಪಾಟಿ ಹಿಡಿದವಳು

ಗೈಬೂ ಕಾಕಾ ಫೋಟೋ ತೆಗೆಯುತ್ತಿದ್ದ,
ನಾನು ಪಾಟಿ ಬರೆಯುತ್ತಿದ್ದೆ.
ಮನೆಗೊಂದು ನಂಬರು, ನಂಬರಿಗೊಬ್ಬ ಯಜಮಾನ,
ಯಜಮಾನನ ಎದೆಯ ಮೇಲೆ ನನ್ನ ಸೊಟ್ಟ ಅಕ್ಷರ.
ಬಾಗಲಕೋಟೆಯ ಕಿಲ್ಲಾದಲ್ಲಿ ಆ ಬೇಸಿಗೆ
ಯಾರ ಕೈಗೂ ಕೆಲಸವಿಲ್ಲ, ನಮ್ಮಿಬ್ಬರನ್ನು ಬಿಟ್ಟು.

ಮುಳುಗಡೆ ಆಫೀಸಿನ ಕರಾರು:
ಬಾಗಿಲು ಕಾಣಬೇಕು, ಗೋಡೆ ಕಾಣಬೇಕು,
ಮುಖ ಕಾಣಬೇಕು, ನಗಬಾರದು.
ಫೋಟೋ ಒಂದಕ್ಕೆ ಆರು ರೂಪಾಯಿ ಅವನಿಗೆ,
ನನಗೆ ದಿನಕ್ಕೊಂದು ಪೊಟ್ಟಣ ಗಿರಮಿಟ್ಟು.

"ನಗಬ್ಯಾಡ್ರಿ" ಅಂದರೆ
ಬಳೆಗಾರ ಓಣಿಯ ತಂಗೆವ್ವ ಬಿಡಲಿಲ್ಲ:
"ನಗೂದು ಬಿಟ್ಟು ಬ್ಯಾರೆ ಏನ ಉಳದೈತೋ ತಮ್ಮಾ?
ಅದನ್ನೂ ಬರಕೋ, ನನ್ನ ಆಸ್ತಿ ಅದು."
ಕಾಕಾ ಗುಂಡಿ ಒತ್ತಿದ.
ಕೆಂಪು ಗೀಟು ಹಾಕಿಸಿಕೊಂಡು ಫೋಟೋ ವಾಪಸು ಬಂತು.
ಎರಡನೇ ಸಲ ಅವಳು ನಗಲಿಲ್ಲ.
ಮೊದಲಿನದನ್ನು ಅವನು ಅಂಗಿ ಕಿಸೆಗೆ ಇಳಿಸಿದ.
ಅವನ ಕೆಲಸ ಶುರುವಾದದ್ದು ಅಲ್ಲಿಂದ, ನನ್ನ ಲೆಕ್ಕದಲ್ಲಿ.
ಪೇಪರಿನವರು ಬೇರೆ ತಾರೀಖು ಬರೆಯುತ್ತಾರೆ.

ಕೊನೆಗೆ ಉಳಿದದ್ದು ಅವನದೇ ಮನೆ.
ಹತ್ತಿ ಹಿಂಜುವ ಅಪ್ಪನ ಬಿಲ್ಲು ಇನ್ನೂ ಗೋಡೆಯಲ್ಲಿ.
ಪಾಟಿ ಅವನು ಹಿಡಿದ, ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು.
"ಉಸಿರು ಹಿಡಿ, ಚಿಮಣಿ,
ಬಾವ್ಯಾಗ ಕೊಡ ಬಿಡುವಾಗ ಹಿಡೀತಿಯಲ್ಲ, ಹಂಗ."
ಹನ್ನೊಂದು ವರ್ಷದ ಮೂಗು, ಸೀನು ಬಂತು.
ಮನೆ ನಂಬರು ೧೮೪೬
ನೀರಿನೊಳಗಿಂದ ನೋಡಿದ ಹಾಗೆ ಅಲುಗಾಡಿ ಮೂಡಿತು.
ನೀರು ಬರಲು ಇನ್ನೂ ಎರಡು ವರ್ಷವಿತ್ತು.

ಸಾಹೇಬರು ಒಪ್ಪಲಿಲ್ಲ. ರೋಲು ತರಿಸುವಷ್ಟರಲ್ಲಿ ಗಡುವು ಮುಗಿಯಿತು.
ಎಲ್ಲರಿಗೂ ನವನಗರದಲ್ಲಿ ಒಂದೊಂದು ಸೆಕ್ಟರು,
ಅವನಿಗೆ ಬಸ್‌ಸ್ಟ್ಯಾಂಡು.

ಯಾವ ಊರು ಉರಿಯುತ್ತದೋ ಆ ಊರಿನ ಬೋರ್ಡಿನ ಬಸ್ಸು.
ಗೋಲಿಬಾರಿನ ಮರುದಿನ ಬಿದ್ದ ಚಪ್ಪಲಿಗಳು
(ಎಡಗಾಲಿನವೇ ಹೆಚ್ಚು, ಯಾಕೆಂದು ಅವನಿಗೂ ಗೊತ್ತಿರಲಿಲ್ಲ).
ಮ್ಯಾನ್‌ಹೋಲಿನ ಬಾಯಲ್ಲಿ ಕೂತ ಹೆಂಡತಿ,
ಅವಳ ಮಡಿಲಲ್ಲಿ ಇಳಿದವನ ಊಟದ ಡಬ್ಬಿ, ಮುಚ್ಚಳ ಬಿಚ್ಚಿಲ್ಲ.
ಸುಟ್ಟ ಅಂಗಡಿಯೊಳಗೆ ಸುಡದ ತಕ್ಕಡಿ.
ಮೂರು ತಿಂಗಳಿಗೊಮ್ಮೆ ನನಗೊಂದು ಲಕೋಟೆ, ನೆಗೆಟಿವ್‌ಗಳ ಸುರುಳಿ,
ಒಂದೇ ಸಾಲಿನ ಚೀಟಿ: ನಂಬರು ಹಾಕು.

ಹಾಕಿದೆ. ಮದುವೆಯಾದ ಮೇಲೂ, ಎರಡು ಹೆತ್ತ ಮೇಲೂ,
ಝೆರಾಕ್ಸ್ ಅಂಗಡಿಯ ಮಾಡಿನಲ್ಲಿ, ಚಕ್ಕುಲಿ ಡಬ್ಬಿಗಳಲ್ಲಿ.
ಕಿಟಕಿಗೆ ಹಿಡಿದರೆ ಹೊಗೆ ಬೆಳ್ಳಗೆ, ಹಲ್ಲು ಕಪ್ಪಗೆ,
ಲಾಠಿ ಎತ್ತಿದವನಿಗೂ ತಲೆ ಮುಚ್ಚಿಕೊಂಡವನಿಗೂ
ಅದೇ ಬಿಳಿ ಕಣ್ಣುಗುಡ್ಡೆ.
ನನ್ನ ಗಂಡ ಹೇಳುತ್ತಿದ್ದ, "ಮನ್ಯಾಗ ಇಷ್ಟ ಮಂದಿ ಇಟ್ಟಿ,
ಬಾಡಿಗಿ ಯಾರ ಕೊಡತಾರ?"

ಒಮ್ಮೆ ಕೋರ್ಟಿನಲ್ಲಿ ವಕೀಲ ಕೇಳಿದನಂತೆ:
ಕ್ಯಾಮೆರಾ ಬಿಟ್ಟು ಆ ಹುಡುಗನನ್ನು ಎಳೆದುಕೊಳ್ಳಬಹುದಿತ್ತಲ್ಲ?
ಕಾಕಾ ಬಹಳ ಹೊತ್ತಿನ ಮೇಲೆ "ಹೌದು" ಅಂದನಂತೆ.
ಅಷ್ಟೇ.
ಅದು ಸಾಕ್ಷಿಯೋ ತಪ್ಪೊಪ್ಪಿಗೆಯೋ ತಿಳಿಯದೆ
ಟೈಪು ಹೊಡೆಯುವವಳು ತಲೆ ಎತ್ತಿ ನೋಡಿದಳಂತೆ.
ಆ ವರ್ಷವೇ ದೆಹಲಿಯಲ್ಲಿ ಶಾಲು ಹೊದಿಸಿದರು. ಮೇ ತಿಂಗಳು.
ಸೆಕೆಯ ವಿಷಯ ಮಾತ್ರ ನನಗೆ ಬರೆದಿದ್ದ.

ಈ ಬೇಸಿಗೆ ಬಂದಿದ್ದಾನೆ. ಒಂದು ಕಣ್ಣಿಗೆ ಪೊರೆ,
ಎರಡೂ ಕೈಗೆ ನಡುಕ.
ಘಟಪ್ರಭೆ ಹಿಂದೆ ಸರಿದು ಕಿಲ್ಲಾದ ಪಾಯ ತೇಲಿದೆ,
ಒಡೆದ ಕೆಸರು, ಕಪ್ಪೆಚಿಪ್ಪು, ಯಾರದೋ ಬೀಸುಕಲ್ಲಿನ ಕೆಳಹೋಳು.
ತನ್ನ ಹೊಸ್ತಿಲನ್ನು ಕಾಲಿನಿಂದಲೇ ಹುಡುಕಿದ.
ಮಗಳ ಹಳೇ ಪಾಟಿ ತಂದಿದ್ದೆ,
ಒದ್ದೆಗೆ ಬಳಪ ಹತ್ತಲಿಲ್ಲ,
ಬೆರಳು ಕೆಸರಿನಲ್ಲಿ ಅದ್ದಿ ಬರೆದೆ: ೧೮೪೬.

ಎದೆಗೆ ಆನಿಸಿಕೊಂಡು ನಿಂತ. ಪಾಟಿ ನಡುಗುತ್ತಿತ್ತು.
ನಾನು ಫೋನು ಎತ್ತಿದೆ.
"ಉಸಿರು ಹಿಡದೀಯೇನ?" ಕೇಳಿದ.
ಹಿಡಿದವಳು
ಹೂಂ ಅನ್ನುವುದಾದರೂ ಹೇಗೆ.